ಧನ್ಯಾಳ ಕಾಗೆ ಎಂಜಲು

ಶಕುನ, ಯಾರೋ ಕಣ್ಣೆದುರು ಕಾಣಿಸಿಕೊಳ್ಳುವುದು, ಇದಕ್ಕೆಲ್ಲ ನಾನು ನಗುತ್ತಿದ್ದವಳು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳಿಬಿಡುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನಾವು ಸಾಗರದವರು. ಮಗಳು ಸಿಂಚನಾಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚ ತೀರ್ಥಹಳ್ಳಿಯ ಸುಜಾತಳ ಮಗಳು ಧನ್ಯಾಳದು. ಅದೇ ವಯಸ್ಸು, ಅದೇ ಕಾಯಿಲೆ. ರೋಗದ ಜೀವಕೋಶದ ಮೇಲೆ ಸಿಡಿ ಟೆನ್ ಎಂಬ ಗುರುತಿದ್ದರೆ ಸಾಮಾನ್ಯವಾಗಿ ಔಷಧಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಗ್ಯಾರಂಟಿಯಲ್ಲ ಎಂದಿದ್ದರು ಡಾಕ್ಟರು. ಧನ್ಯಾಳಿಗೆ ಅದು ಪಾಸಿಟಿವ್ ಬಂತು, ನನ್ನ ಮಗಳಿಗೆ ನೆಗೆಟಿವ್.

ಕೊರೊನಾ ಕಂಡವರಿಗೆ ಪಾಸಿಟಿವ್ ಅಂದರೆ ಕೆಟ್ಟದ್ದೇ ತಾನೇ? ಸುಜಾತ ಗೋಳೋ ಎಂದು ಅತ್ತಳು. "ಅಕ್ಕಾ, ನಿಮ್ದು ನೆಗೆಟಿವ್ ಅಂತೆ, ಪುಣ್ಯ ಮಾಡಿದೀರಿ!" ಅಂದಳು. ಅವಳನ್ನು ಕೂರಿಸಿಕೊಂಡು ತಿಳಿಸಿ ಹೇಳಿ ಸಮಾಧಾನ ಮಾಡಬೇಕಾದವಳು ನಾನು! ಹೊಟ್ಟೆ ಉರಿದುಹೋಯಿತು. ಆಮೇಲೆ ಅವಳು ನಕ್ಕರೂ ಉರಿ, ಧನ್ಯಾ ಎರಡು ಇಡ್ಲಿ ತಿಂದರೂ ಉರಿ.

ಮಕ್ಕಳಿಗೆ ಇದ್ಯಾವುದೂ ಇರಲಿಲ್ಲ. ಎಂಜಲು ತಿನ್ನಬೇಡಿ ಎಂದು ನರ್ಸ್ ಎಷ್ಟು ಗದರಿದರೂ, ಧನ್ಯಾ ಕಡಲೆ ಮಿಠಾಯಿಯನ್ನು ಫ್ರಾಕಿನ ಅಂಚಿನಲ್ಲಿ ಮುಚ್ಚಿ ಕಚ್ಚಿ, ಕಾಗೆ ಎಂಜಲು ಮಾಡಿ, ಅರ್ಧ ಇವಳಿಗೆ ಕೊಡುತ್ತಿದ್ದಳು.

ಒಂದು ದಿನ ಬಟ್ಟೆ ತರುತ್ತೇನೆಂದು ಗಂಡನನ್ನು ಅಲ್ಲಿ ಕೂರಿಸಿ ಊರಿಗೆ ಬಂದವಳು, ಯಾರಿಗೂ ಹೇಳದೆ ಹೊಳೆಬಾಗಿಲಿಗೆ ಹೋಗಿ, ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚ್ ಹತ್ತಿದೆ. ಸೇತುವೆ ಇನ್ನೂ ಆಗಿರಲಿಲ್ಲ. ಮಟಮಟ ಮಧ್ಯಾಹ್ನ. ದೇವಿಯನ್ನು ಕೇಳಲು ಹೊರಟದ್ದು ಒಂದೇ: ಸುಜಾತಳ ಮಗಳಿಗೆ ಕೊಟ್ಟದ್ದನ್ನು ನನ್ನ ಮಗಳಿಗೂ ಕೊಡು.

ನಡುನೀರಿನಲ್ಲಿ ನೋಡುತ್ತೇನೆ, ಪಕ್ಕದಲ್ಲಿ ಧನ್ಯಾ ಕೂತಿದ್ದಾಳೆ. ವಾರ್ಡಿನಲ್ಲಿ ಅವಳದು ಬೋಳುತಲೆ. ಇಲ್ಲಿ ಎರಡು ಜಡೆ. "ದೊಡ್ಡಮ್ಮಾ, ನಂದ್ರಲ್ಲಿ ಅವ್ಳಿಗೂ ಕೊಡ್ತೀನಿ. ಎಂಜ್ಲಲ್ಲ, ಕಾಗೆ ಎಂಜ್ಲು," ಅಂದಳು. ದಡ ಬಂತೆಂದು ಬ್ಯಾಗು ಎತ್ತಿಕೊಂಡು ತಿರುಗಿದರೆ ಅಲ್ಲಿ ಯಾರೂ ಇಲ್ಲ.

ನೆಟ್‌ವರ್ಕ್ ಸಿಕ್ಕ ಕೂಡಲೇ ಸುಜಾತಳಿಗೆ ಫೋನ್ ಮಾಡಿದೆ. "ಮಲ್ಗಿದ್ಲಕ್ಕ, ಈಗ ಎದ್ಲು. ಎದ್ದೋಳೇ ದೊಡ್ಡಮ್ಮ ಹೊಳೆ ದಾಟಿದ್ರಾ ಅಂತ ಕೇಳ್ತಿದಾಳೆ. ಎಲ್ಲಿದೀರಿ ನೀವು?" ಎಂದಳು.

ಮರುವರ್ಷ ಧನ್ಯಾಳಿಗೆ ರೋಗ ಮರುಕಳಿಸಿತು. ಹುಡುಗಿ ಉಳಿಯಲಿಲ್ಲ. ಸಿಂಚನಾಳ ಔಷಧಿ ನಿಂತಿದೆ, ಶಾಲೆಗೆ ಹೋಗುತ್ತಿದ್ದಾಳೆ. ಗುರುತು ಒಂದು ಅಂದಾಜು ಅಷ್ಟೇ, ಹೀಗೂ ಆಗುತ್ತದೆ ಎನ್ನುತ್ತಾರೆ ಡಾಕ್ಟರು. ಇರಬಹುದು. ಲಾಂಚಿನ ವಿಷಯ ಅವರಿಗೆ ಹೇಳಿಲ್ಲ. ಏನೆಂದು ಹೇಳುವುದು?

ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸುಜಾತ ಸಿಕ್ಕಳು. ಸಿಂಚನಾಳ ಎರಡು ಜಡೆಗಳನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಗೊತ್ತು. ಒಂದು ಕಾಲಕ್ಕೆ ಅದು ನನ್ನದೇ ಆಗಿತ್ತು.

"ನಿಮ್ದು ನೆಗೆಟಿವ್ ಅಲ್ವಾ ಅಕ್ಕ?" ಎಂದಳು.

ಹೂಂ ಅಂದೆ. ನಮ್ಮ ಬಸ್ಸು ಬಂದು ನಿಂತಿತು. ಅವಳು ಜಡೆ ಬಿಡಲಿಲ್ಲ.