ಸಂತೆಕಲ್ಲೂರಿಗೆ ಬಂದ ಕ್ಯಾಂಪ್

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಗುತ್ತದೆ ಎಂದು ಯಾರೋ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ನಮ್ಮ ಕಡೆ ಅಡಿಗಲ್ಲುಗಳಿಗೆ ಎಂದೂ ಕೊರತೆಯಿಲ್ಲ, ಕಟ್ಟಡಗಳಿಗಷ್ಟೇ ಕೊರತೆ. ಆದರೆ ಈ ಸಲ ಕಟ್ಟಡ ಎದ್ದೇ ಎದ್ದಿತು. ಮುಂದೆ ಆಸ್ಪತ್ರೆ, ಹಿಂದೆ ಕಾಲೇಜು, ಅದರ ಹಿಂದೆ ಹಾಸ್ಟೆಲು. ಉದ್ಘಾಟನೆಯ ದಿನ ಸುತ್ತಲಿನ ಹಳ್ಳಿಗಳ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಯಾರಿಗೂ ಕಾಯಿಲೆ ಇರಲಿಲ್ಲ, ಲಿಫ್ಟ್ ಹತ್ತಿ ಇಳಿಯಲು ಬಂದಿದ್ದರು. ನಾನೂ ಹತ್ತಿ ಇಳಿದೆ. ಇಳಿಯುವಾಗ ಕಣ್ಣು ತುಂಬಿ ಬಂತು. ನಮ್ಮ ಮನೆಗಳಲ್ಲಿ "ಬಳ್ಳಾರಿಗೆ ಒಯ್ಯಿರಿ" ಎನ್ನುವ ಮಾತಿಗೆ ಒಂದೇ ಅರ್ಥವಿತ್ತು. ಡಾಕ್ಟರು ಹಾಗೆಂದರೆ ಹೆಂಗಸರು ಅಲ್ಲೇ ಅಳಲು ಶುರುಮಾಡುತ್ತಿದ್ದರು. ನಮ್ಮ ಅಪ್ಪನನ್ನೂ ಹಾಗೆಯೇ ಒಯ್ದದ್ದು, ಸಿರುಗುಪ್ಪ ದಾಟುವ ಮೊದಲೇ ಜೀಪು ತಿರುಗಿಸಬೇಕಾಯಿತು.

ಆ ಕಾಲೇಜಿಗೂ ನನಗೂ ನಂಟು ಬೆಳೆದದ್ದು ಕನ್ನಡದಿಂದ. ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ, ಸಿಂಧನೂರಿನ ಮನೆಯಲ್ಲಿ ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ತೀರ್ಪು ಕೊಡುತ್ತ ಕುಳಿತಿದ್ದೆ. ಹೊರಗಿನಿಂದ ಬಂದ ಹುಡುಗ ಹುಡುಗಿಯರಿಗೆ ರೋಗಿಗಳ ಭಾಷೆ ಕಲಿಸಬೇಕು, ಬರುತ್ತೀರಾ ಎಂದು ಕಾಲೇಜಿನವರು ಕೇಳಿದರು. ನನಗಿಂತ ಹೆಚ್ಚು ಸಂತೋಷವಾದದ್ದು ನನ್ನ ಸೊಸೆಗೆ.

ಮೊದಲ ತರಗತಿಯಲ್ಲೇ ಗೊತ್ತಾಯಿತು, ಕೇರಳ, ರಾಜಸ್ಥಾನದಿಂದ ಬಂದವರ ಜೊತೆ ತೊಂದರೆಯಿಲ್ಲ. ಏನೂ ಬರುವುದಿಲ್ಲ ಎಂದು ಒಪ್ಪಿಕೊಂಡು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ತಲೆನೋವು ಮೈಸೂರು ಕಡೆಯವರದು. ತಮಗೆ ಕನ್ನಡ ಬರುತ್ತದಲ್ಲ ಎಂದು ಕೈಕಟ್ಟಿ ಕೂರುತ್ತಿದ್ದರು. "ಹೊಟ್ಟಿ ಕಡಿಯಾಕತ್ತೈತಿ" ಎಂದು ಬೋರ್ಡಿನ ಮೇಲೆ ಬರೆದು ಇದೇನು ಹೇಳಿ ಎಂದೆ. ಒಬ್ಬ ಎದ್ದು ನಿಂತು, "ಹೊಟ್ಟೆಗೆ ಏನೋ ಕಚ್ಚಿದೆ ಮೇಡಂ, ಹುಳ ಇರಬಹುದು" ಎಂದ. ನಮ್ಮ ಕಡೆ ಹೊಟ್ಟೆ ಕಡಿಯುವುದೆಂದರೆ ನೋಯುವುದು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಅವಳು ಸಿಂಧನೂರಿನ ಪಕ್ಕದ ಆರ್.ಎಚ್. ಕ್ಯಾಂಪಿನ ಹುಡುಗಿ. ಅವಳ ಅಜ್ಜ ಅಜ್ಜಿ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಇಲ್ಲಿ ಭತ್ತ ಬೆಳೆದವರು, ಅಪ್ಪ ಶಾಲಾ ಮೇಷ್ಟ್ರು. ಮನೆಯಲ್ಲಿ ಬಂಗಾಳಿ, ಬಸ್ಸಿನಲ್ಲಿ ನಮ್ಮ ಮಾತು. ಅಂದಿನಿಂದ ಅವಳನ್ನು ಮುಂದಿನ ಬೆಂಚಿಗೆ ಕರೆದು ನನ್ನ ಜೊತೆಯ ಮೇಷ್ಟ್ರಮ್ಮನನ್ನಾಗಿ ಮಾಡಿಕೊಂಡೆ. ಅವಳು ರೋಗಿ, ಉಳಿದವರು ಡಾಕ್ಟರು. "ಕೈಕಾಲು ಹರಿಯಾಕತ್ತಾವ್ರೀ," "ಜೀವ ಕಸಿವಿಸಿ ಆಗಾಕತ್ತೈತ್ರೀ" ಎಂದು ಆಕೆ ಮುಖ ಹಿಂಡಿ ಹೇಳುತ್ತಿದ್ದರೆ ನನಗೇ ಮಾತ್ರೆ ಕೊಡಬೇಕೆನಿಸುತ್ತಿತ್ತು.

ಇಷ್ಟೆಲ್ಲ ಮಾತು ಕಲಿಸಿದೆ. ಒಂದು ಮಾತನ್ನು ಕಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಅದು ಅವರಿಗೂ ಗೊತ್ತಿದ್ದ ಮಾತು, ನಮಗೂ ಗೊತ್ತಿದ್ದ ಮಾತು.

ಆ ಮಾತು ಕ್ಯಾಂಪ್. ನಮ್ಮ ಸೀಮೆಯಲ್ಲಿ ಕ್ಯಾಂಪ್ ಎಂದರೆ ಊರು. ಕಾಲುವೆಗೆ ನೀರು ಬಂದಾಗ ಆಂಧ್ರದ ಕಡೆಯವರು ಬಂದು ಹೊಲದಲ್ಲಿ ಗುಡಿಸಲು ಹಾಕಿದರು, ಅದನ್ನು ಕ್ಯಾಂಪ್ ಎಂದರು. ಗುಡಿಸಲು ಹೋಗಿ ಮಾಳಿಗೆಯಾಯಿತು, ಗುಡಿಯಾಯಿತು, ಇಂಗ್ಲಿಷ್ ಶಾಲೆಯಾಯಿತು, ಹೆಸರು ಮಾತ್ರ ಕ್ಯಾಂಪೇ. ಬಂಗಾಳದವರಿಗೆ ಸರ್ಕಾರ ಜಾಗ ಕೊಟ್ಟಿತು, ಅದೂ ಕ್ಯಾಂಪ್. ಬಂದವರು ಯಾರೂ ಹೋಗಲಿಲ್ಲ. ನಮ್ಮ ಜೊತೆ ಸಂತೆ ಮಾಡಿದರು, ಜಗಳಾಡಿದರು, ನಮ್ಮ ಮಾತು ಕಲಿತರು. ಕ್ಯಾಂಪ್ ಬಂತೆಂದರೆ ಅದರ ಬೆನ್ನಿಗೇ ಬಸ್ಸು ಬಂತು, ಅಂಗಡಿ ಬಂತು ಎಂದೇ ಲೆಕ್ಕ. ಕಾಲುವೆ ಇಲ್ಲದ ಜೋಳದ ಸೀಮೆಯವರು, ಅಂದರೆ ಸಂತೆಕಲ್ಲೂರಿನ ಕಡೆಯ ನಮ್ಮ ನೆಂಟರು, ಕ್ಯಾಂಪಿನ ಊರುಗಳನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ.

ಸಂತೆಕಲ್ಲೂರಿನಲ್ಲಿ ನನ್ನ ಸೋದರಮಾವನ ಮನೆ. ಕಾಲೇಜಿನವರು ಹಳ್ಳಿಯೊಂದರಲ್ಲಿ ವಾರವಾರ ರೋಗಿಗಳನ್ನು ನೋಡಬೇಕೆಂದು ಆ ಊರನ್ನು ಗೊತ್ತು ಮಾಡಿದರು. ಆಟೋದಲ್ಲಿ ಮೈಕು ಕಟ್ಟಿ, "ನಿಮ್ಮ ಊರಿಗೆ ಮೆಡಿಕಲ್ ಕಾಲೇಜಿನ ಕ್ಯಾಂಪ್ ಬರುತ್ತಿದೆ" ಎಂದು ಸಾರಿದರು. ಮಾವ ರಸ್ತೆಗೆ ಅಂಟಿಕೊಂಡಿದ್ದ ತನ್ನ ಕೋಣೆಯನ್ನು ಖಾಲಿ ಮಾಡಿ, ತೊಗರಿ ಚೀಲಗಳನ್ನು ಅಡುಗೆಮನೆಗೆ ಸಾಗಿಸಿ, ಸುಣ್ಣ ಹೊಡೆಸಿ ಕೊಟ್ಟ. ನನಗೆ ಫೋನು ಮಾಡಿ, "ನಮ್ಮೂರಿಗೂ ಕ್ಯಾಂಪ್ ಬಂತು ನೋಡವಾ" ಎಂದ. ದನಿಯಲ್ಲಿ ಗತ್ತಿತ್ತು. ನಾನು ಅದನ್ನು ಖುಷಿಯ ಮಾತು ಎಂದಷ್ಟೇ ಕೇಳಿಸಿಕೊಂಡೆ.

ಒಂದು ದಿನ ಬಂದು ಕನ್ನಡಕ ಹಂಚಿ ಹೋಗುವ ಕಣ್ಣಿನ ಕ್ಯಾಂಪುಗಳನ್ನು ಸಂತೆಕಲ್ಲೂರಿನವರು ಕಾಣದವರಲ್ಲ. ಆದರೆ ಕಾಲೇಜಿನವರು ಪ್ರತಿ ಗುರುವಾರ ತಪ್ಪದೆ ಬಂದರು. ಗೋಡೆಗೆ ಬೋರ್ಡು ಹೊಡೆದರು, ಕಬ್ಬಿಣದ ಕಪಾಟು ತಂದಿಟ್ಟರು, ಮಂಚ ಹಾಕಿದರು. ಕಪಾಟು ತಂದವರು ಹೋಗುತ್ತಾರೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಮಾವನ ಹೆಂಡತಿ, ನನ್ನ ಅತ್ತೆಗೆ ಶುಗರ್ ಇತ್ತು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಲಿಂಗಸೂಗೂರಿನ ಸರ್ಕಾರಿ ದವಾಖಾನೆಗೆ ಹೋಗಿ ರಕ್ತ ತೋರಿಸಿ ಗುಳಿಗೆ ತರುತ್ತಿದ್ದಳು. ಮಗನದೇ ಆಟೋ, ಅದೇ ದಾರಿಯಲ್ಲಿ ಓಡಿಸುತ್ತಿದ್ದ, ಹೋಗಿ ಬರುವುದು ಕಷ್ಟವೇನಲ್ಲ. ಕ್ಯಾಂಪ್ ಬಂದ ಮೇಲೆ ಆಕೆ ಲಿಂಗಸೂಗೂರು ಬಿಟ್ಟಳು. ಮನೆಯ ಕೋಣೆಯಲ್ಲೇ ಡಾಕ್ಟರು ಇರುವಾಗ ಹೊರಗೆ ಹೋದರೆ ಅವರಿಗೆ ಅವಮಾನ ಮಾಡಿದಂತೆ ಎಂಬುದು ಅವಳ ನ್ಯಾಯ. ವಾರವಾರ ಅವರಿಗೆ ರೊಟ್ಟಿ, ಪುಂಡಿಪಲ್ಯೆ ಮಾಡಿ ಹಾಕುತ್ತಿದ್ದಳು. ನಾನು ಒಮ್ಮೆ ಹುಡುಗರ ಜೊತೆ ಹೋಗಿದ್ದಾಗ ನನ್ನ ವಿದ್ಯಾರ್ಥಿಗಳು ಅವಳ ಪಾದ ಮುಟ್ಟಿ, "ಅಂಗಾಲು ಜೋಮು ಹಿಡಿತಾವೇನ್ರೀ ಅವ್ವಾ?" ಎಂದು ಕೇಳಿದರು. ನನ್ನ ಎದೆ ಉಬ್ಬಿಹೋಯಿತು. ಜೀವಮಾನವಿಡೀ ಹಳಗನ್ನಡ ಪಾಠ ಮಾಡಿದ್ದಕ್ಕಿಂತ ಆ ಒಂದು ಪ್ರಶ್ನೆ ದೊಡ್ಡದೆನಿಸಿತು.

ವರ್ಷ ತಿರುಗಿದ ಮೇಲೆ ಕಾಲೇಜಿಗೆ ಹೊಸ ಬ್ಯಾಚು ಬಂತು. ಹೊಸ ಬ್ಯಾಚಿಗೆ ಹೊಸ ಹಳ್ಳಿ ಎಂದು ಕಾಲುವೆ ಕಡೆಯ ದಢೇಸುಗೂರು ಗೊತ್ತಾಯಿತು. ಇದರಲ್ಲಿ ಮುಚ್ಚುಮರೆಯೇನಿರಲಿಲ್ಲ, ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸಂತೆಕಲ್ಲೂರಿನಿಂದ ಹೊರಡುವಾಗ ಡಾಕ್ಟರು ಮಾವನಿಗೆ ಕೈಮುಗಿದು, "ಕ್ಯಾಂಪ್ ಮುಗೀತು, ತುಂಬಾ ಉಪಕಾರ ಆಯ್ತು" ಎಂದರಂತೆ. ಸಾಮಾನು ಆಮೇಲೆ ಒಯ್ಯುತ್ತೇವೆ ಎಂದು ಕಪಾಟಿನ ಕೀಲಿ ಕೊಟ್ಟರಂತೆ. ಮುಗಿಯಿತು ಎಂದರೆ ಆ ದಿನದ ಕೆಲಸ ಮುಗಿಯಿತು ಎಂದು ಮಾವ ತಿಳಿದ. ಕೀಲಿ ಕೈಗೆ ಬಂದದ್ದರಿಂದ ಇನ್ನಷ್ಟು ಗಟ್ಟಿಯಾಗಿ ನಂಬಿದ.

ಅದೇ ದಿನಗಳಲ್ಲಿ ಅತ್ತೆಯ ಕಾಲ್ಬೆರಳಿಗೆ ಚಪ್ಪಲಿ ಕಚ್ಚಿತು. ಅವಳಿಗೆ ನೋವೇ ತಿಳಿಯಲಿಲ್ಲ, ಶುಗರಿನಿಂದ ಜೋಮು ಹಿಡಿದ ಕಾಲು ಅದು. ಮುಂದಿನ ಗುರುವಾರ ಡಾಕ್ಟರಿಗೆ ತೋರಿಸಿದರಾಯಿತು ಎಂದಳು. ಆ ಗುರುವಾರ ಅವರು ಬರಲಿಲ್ಲ. ಪರೀಕ್ಷೆ ಇರಬೇಕು ಎಂದಳು. ಅದರ ಮುಂದಿನ ಗುರುವಾರ ಗಾಯಕ್ಕೆ ಅರಿಶಿನ ಹಚ್ಚಿಕೊಂಡು ಕೋಣೆ ಗುಡಿಸಿ ಕುಳಿತಳು. ಮಗ ಆಟೋ ತಂದು ನಿಲ್ಲಿಸಿದರೆ ಬೈದು ಕಳಿಸಿದಳಂತೆ. ಹುಣ್ಣು ಪಾದಕ್ಕೆ ಹಬ್ಬಿ, ಜ್ವರ ಏರಿ, ಮಾತು ತೊದಲಿದ ಮೇಲೆ ಮಗ ಅವಳನ್ನು ಎತ್ತಿಕೊಂಡು ನಮ್ಮ ಕಾಲೇಜಿನ ಆಸ್ಪತ್ರೆಗೇ ಬಂದ. ನನಗೆ ಸುದ್ದಿ ಮುಟ್ಟಿದ್ದು ಆಗ.

ನಾನು ಹೋದವಳೇ ಸಿಟ್ಟಿನಲ್ಲಿ ಕೂಗಾಡಿದೆ. "ಅತ್ತಿ, ಲಿಂಗಸೂಗೂರೇನು ಸಮುದ್ರದ ಆಚಿ ಐತೇನು? ಹೋಗಾಕ ನಿನಗೇನಾಗಿತ್ತು?"

ಜ್ವರದಲ್ಲೂ ಅವಳಿಗೆ ನನ್ನ ದಡ್ಡತನ ಕಂಡು ಬೇಜಾರಾಯಿತು. "ಕ್ಯಾಂಪ್ ಊರಾಗ ಇಟಗೊಂಡು ಲಿಂಗಸೂಗೂರಿಗೆ ಯಾಕ ಹೋಗಬೇಕು ಬೇ? ನಮ್ಮ ಡಾಕ್ಟರ್ ಇಂದಿಲ್ಲ ನಾಳಿ ಬರ್ತಾನ."

ಆಗ ನನಗೆ ಎಲ್ಲ ಅರ್ಥವಾಯಿತು. ಆರ್.ಎಚ್. ಕ್ಯಾಂಪಿನಂತೆ, ಕಾಲುವೆಯ ಕ್ಯಾಂಪುಗಳಂತೆ, ಡಾಕ್ಟರುಗಳ ಕ್ಯಾಂಪು ಬಂದು ತಮ್ಮೂರಲ್ಲಿ ನೆಲೆ ನಿಂತಿದೆ ಎಂದು ಆ ಮನೆಯವರು ನಂಬಿದ್ದರು. ನನ್ನ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ಸುಳ್ಳು ಹೇಳಿದವರು ಯಾರೂ ಇಲ್ಲ, ಮೋಸ ಮಾಡಿದವರಿಲ್ಲ. ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದರೂ ನನಗೆ ಹಗುರಾಗುತ್ತಿತ್ತು. ಮೊಣಕಾಲ ಕೆಳಗೆ ಅವಳ ಕಾಲು ತೆಗೆದರು. ಜೀವ ಉಳಿಯಿತು. ಬಳ್ಳಾರಿಯವರೆಗೆ ಹೋಗಬೇಕಾಗಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. ಅವರು ಹೇಳಿದ್ದು ಖರೆ. ಆ ಕಾಲೇಜು ಬಂದದ್ದರಿಂದಲೇ ಅವಳು ಉಳಿದಳು, ಅದು ಬಂದದ್ದರಿಂದಲೇ ಕಾಲು ಕಳೆದುಕೊಂಡಳು. ಇವೆರಡನ್ನೂ ಒಟ್ಟಿಗೆ ನುಂಗಲು ನನಗೆ ಈಗಲೂ ಆಗಿಲ್ಲ.

ಗಾಯ ಮಾಯುತ್ತಿದ್ದಾಗ ಒಂದು ಬೆಳಗ್ಗೆ ನಾನು ಅವಳ ತಲೆ ಬಾಚುತ್ತ ಕುಳಿತಿದ್ದೆ. ನನ್ನ ಮೊದಲ ಬ್ಯಾಚಿನ ಹುಡುಗರು ಪಾಠಕ್ಕೆಂದು ವಾರ್ಡಿಗೆ ಬಂದು ಅವಳ ಮಂಚದ ಸುತ್ತ ನಿಂತರು. ಹೊಟ್ಟೆಗೆ ಹುಳ ಕಚ್ಚಿದೆ ಎಂದಿದ್ದ ಹುಡುಗನೇ ಬಗ್ಗಿ, "ರಾತ್ರಿ ನಿದ್ದಿ ಹತ್ತೈತೇನ್ರೀ ಅವ್ವಾ?" ಎಂದು ಕೇಳಿದ. ತಪ್ಪಿಲ್ಲದ ನಮ್ಮ ಮಾತು. ಅತ್ತೆಗೆ ಗುರುತು ಹತ್ತಿ ಮುಖ ಅರಳಿತು.

"ಗುರುವಾರ ಯಾಕ ಬರವಲ್ರೋ ಎಪ್ಪಾ? ಕಪಾಟಿನ ಕೀಲಿ ನಮ್ಮ ಹಂತ್ಯಾಕ ಐತಿ."

ಹುಡುಗ ನನ್ನ ಮುಖ ನೋಡಿದ. ಎಲ್ಲರೂ ನನ್ನನ್ನೇ ನೋಡಿದರು. ಉಳಿದ ಒಂದು ಕಾಲಿನ ಮೇಲೆ ಊರಿಗೆ ಹೋಗಿ ಮತ್ತೆ ಅದೇ ಕೋಣೆ ಗುಡಿಸಿ ಕಾಯುತ್ತಾಳೆ ಎಂದು ನನಗೆ ಗೊತ್ತಿತ್ತು. ಹೇಳಲೇಬೇಕಿತ್ತು, ನಾನು ಬಾಚಿದ ಕೂದಲನ್ನೇ ಮತ್ತೆ ಬಾಚತೊಡಗಿದೆ. ಆರ್.ಎಚ್. ಕ್ಯಾಂಪಿನ ಹುಡುಗಿ ಮುಂದೆ ಬಂದು ಮಂಚದ ಅಂಚಿಗೆ ಕುಳಿತಳು. ಅತ್ತೆಯ ಕೈ ಹಿಡಿದುಕೊಂಡಳು.

"ಅವ್ವಾ, ನಾ ಆರ್.ಎಚ್. ಕ್ಯಾಂಪಿನಾಕಿ ರೀ. ನಮ್ಮ ಮಂದಿ ಬಂದು ಇಲ್ಲೇ ಉಳದಾರ. ಆದ್ರ ಡಾಕ್ಟರಗೋಳದು ನಮ್ಮಂಥ ಕ್ಯಾಂಪ್ ಅಲ್ಲ ರೀ. ಅದು ಬಂದು ಹೋಗೂದು. ಅವರು ಇನ್ನ ನಿಮ್ಮೂರಿಗೆ ಬರಂಗಿಲ್ಲ."

ಅತ್ತೆ ಅವಳನ್ನೇ ನೋಡಿದಳು. ಆಮೇಲೆ ಸುತ್ತ ನಿಂತ ಬಿಳಿ ಕೋಟುಗಳನ್ನು ಒಬ್ಬೊಬ್ಬರಾಗಿ ನೋಡಿದಳು. ಒಂದಕ್ಷರವೂ ಬಿಡದಂತೆ ಅವಳಿಗೆ ಅರ್ಥವಾಗಿತ್ತು. ಬಾಚಣಿಗೆ ಹಿಡಿದ ನನ್ನ ಕೈ ಅವಳ ಕೂದಲಲ್ಲೇ ನಿಂತುಬಿಟ್ಟಿತ್ತು.

"ಹಂಗಂತ ಮೊದಲ ಹೇಳಬೇಕಿಲ್ಲೇನವಾ," ಎಂದಳು, "ನಾ ಲಿಂಗಸೂಗೂರಿಗೆ ಹೋಗ್ತಿದ್ದೆ."