ಪೈರು ತುಳಿಯದೆ ಹೋಗಿ

ನೆಲಕ್ಕೆ ಬಿದ್ದ ಬ್ರೆಡ್ಡಿನ ಚೂರನ್ನು ಎತ್ತಿ, ಮುತ್ತಿಟ್ಟು, ಬಾಯಿಗೆ ಹಾಕಿಕೊಂಡ ಬಿಳಿಯರೆಂದರೆ ನಾನು ಕಂಡ ಹಾಗೆ ಮಾರೆ ಮೇಡಂ ಒಬ್ಬರೇ. ಕೊಲ್ಲಿ ನಾಡಿನ ಮುಶೈರಿಬ್‌ನಲ್ಲಿದ್ದ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಅಕೌಂಟ್ಸಿನ ಹಮೀದಾಕ, ಉಳ್ಳಾಲದವರು, "ಎಂಥ ನೋಡುವುದು ಮಾರಾಯ, ನಮ್ಮಲ್ಲೂ ಹಾಗೇ," ಎಂದರು.

ಮೇಡಂ ಎಸ್ಟೋನಿಯಾದವರು. ಆ ಹೆಸರಿನ ದೇಶವಿದೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ಕಟ್ಟಡದ ನಕ್ಷೆ ತಿದ್ದುವ ಕೆಲಸ. ಊಟಕ್ಕೆ ಕೂತವರನ್ನು ಕಂಡರೆ "ನಿನ್ನ ಬ್ರೆಡ್ಡು ಮುಗಿಯದಿರಲಿ" ಎಂದು ಹರಸಿ ಹೋಗುವರು, ಬೇರೆ ಮಾತಿಲ್ಲ. ಲಿಫ್ಟಿನಲ್ಲಿ ಸುಮ್ಮನಿರಲಾರದೆ ನಾನು ಬಿಸಿಲಿನ ಮಾತೆತ್ತಿದರೆ, "ಹೇಳಲೇಬೇಕಾದದ್ದು ಏನಾದರೂ ಇದೆಯೇ?" ಎಂದು ಕೇಳುವರು, ಸಿಟ್ಟಿಲ್ಲದೆ. ಅವರ ಅಜ್ಜಿಯನ್ನು ರಷ್ಯನ್ನರ ಕಾಲದಲ್ಲಿ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಕ್ಕೆ ಸಾಗಿಸಿದ್ದರಂತೆ. ಬ್ರೆಡ್ಡಿಗೆ ಮುತ್ತಿಡಲು ಕಲಿಸಿದ್ದು ಆ ಅಜ್ಜಿ.

ನನ್ನ ಅಮ್ಮ ತೀರಿಕೊಂಡದ್ದು ಅಕ್ಟೋಬರಿನಲ್ಲಿ. ಬೀಡಿ ಕಟ್ಟಿ ನನ್ನನ್ನು ಬಿ.ಕಾಂ. ಓದಿಸಿದವಳು; ನಮ್ಮ ಕುಟುಂಬದಲ್ಲಿ ಡಿಗ್ರಿ ಅಂತ ಮೊದಲು ಆದದ್ದು ಅದು. ಊರಿಗೆ ಹೋದೆ, ಆಗಬೇಕಾದ್ದು ಮುಗಿಸಿದೆ, ಬಂದೆ. ಅಳು ಬರಲಿಲ್ಲ. ಆಫೀಸಿನವರ ಸಮಾಧಾನದ ಮಾತು ಒಂದೂ ಒಳಗಿಳಿಯಲಿಲ್ಲ. ನವೆಂಬರಿನಲ್ಲಿ ಒಂದು ದಿನ ಮೇಡಂ ನನ್ನ ಮೇಜಿನ ಹತ್ತಿರ ಬಂದು, "ನಿನ್ನ ಅಮ್ಮನಿಗೆ ಏನು ಇಷ್ಟ? ಶುಕ್ರವಾರ ಮಾಡಿಕೊಂಡು ಬಾ," ಎಂದರು.

ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಹಿಡಿದು ಅಬು ಹಮೂರಿನ ಅವರ ಮನೆಗೆ ಹೋದೆ. ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಹಾಲು, ಎರಡು ತಟ್ಟೆ. ತಮ್ಮ ಊರಿನ ನಂಬಿಕೆಯಂತೆ ಸತ್ತವರು ಈ ತಿಂಗಳು ಮನೆಗೆ ಬರುತ್ತಾರೆ, ಸದ್ದು ಮಾಡಬಾರದು ಎಂದು ಎಸಿಯನ್ನೂ ಆರಿಸಿದ್ದರು. ನಮ್ಮಲ್ಲಿ ಸತ್ತವರಿಗೆ ಬಡಿಸಿದ ಮೇಲೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಕ್ರಮ. ಬಡಿಸಿದವನೇ ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಮೇಡಂ ತೆರೆದರು.

"ಎಲ್ಲಿಗೆ ಹೊರಟೆ? ಅವರ ಜೊತೆ ಕೂರಬೇಕು."

ಕೂತೆ. ಇಷ್ಟು ದೂರ ಬರುತ್ತಾರಾ ಎಂದು ಕೇಳಿದೆ.

"ಸೈಬೀರಿಯಕ್ಕೂ ಬಂದಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು."

ಕೊನೆಗೆ ಅವರನ್ನು ಬೀಳ್ಕೊಡಬೇಕಂತೆ. ಮೇಡಂ ತಮ್ಮ ಭಾಷೆಯಲ್ಲಿ ಅಜ್ಜಿಯ ಹೆಸರು ಹಿಡಿದು ಏನೋ ಹೇಳಿ, ನನಗೆ ಅರ್ಥ ಬಿಡಿಸಿದರು: "ಉಂಡಾಯಿತು, ಇನ್ನು ಹೊರಡು. ದಾರಿಯಲ್ಲೇ ಹೋಗು, ಪೈರು ತುಳಿಯಬೇಡ. ಈಗ ನೀನು ಹೇಳು."

ಅಮ್ಮನಿಗೆ ಹೊರಡು ಎನ್ನಲು ನನಗೆ ಬಾಯಿ ಬರಲಿಲ್ಲ. ಮೇಡಂ ಕಾದರು. ಗಂಜಿ ತಣ್ಣಗಾಗಿ ಮೇಲೆ ಪದರ ಕಟ್ಟಿತು. "ಇರಲಿ. ಮುಂದಿನ ವರ್ಷ," ಎಂದು ತಟ್ಟೆ ಮುಚ್ಚಿಟ್ಟರು.

ಬೇಸಿಗೆಯಲ್ಲಿ ಅವರ ಕಾಂಟ್ರಾಕ್ಟ್ ಮುಗಿಯಿತು. ಲಿಫ್ಟಿನ ಬಳಿ ಕೈಕುಲುಕಿದರು, ಅಷ್ಟೇ. ಊರು ಸೇರಿ ಸ್ವಲ್ಪ ಸಮಯಕ್ಕೇ ತೀರಿಕೊಂಡರೆಂದು ಹಮೀದಾಕ ಹೇಳಿದರು. "ಖಲಾಸ್ ಮಾರಾಯ. ಒಳ್ಳೆ ಹೆಂಗಸು." ನಾನು ಹೌದೆಂದು ಕೆಲಸ ಮುಂದುವರಿಸಿದೆ.

ನವೆಂಬರ್ ಬಂತು. ಉಮ್ಮ್ ಸಲಾಲ್‌ನ ನನ್ನ ರೂಮಿನಲ್ಲಿ ಒಂದು ತಟ್ಟೆಗೆ ಗಂಜಿ, ಇನ್ನೊಂದಕ್ಕೆ ಕಪ್ಪು ಬ್ರೆಡ್ಡು ಹಾಕಿದೆ. ಎಸಿ ಆರಿಸಿದೆ. ಹೊರಗೆ ಹೋಗಲಿಲ್ಲ, ಜೊತೆಗೇ ಕೂತೆ. ಆಮೇಲೆ ಅಮ್ಮನಿಗೆ ತುಳುವಿನಲ್ಲಿ, ಮೇಡಂಗೆ ಇಂಗ್ಲಿಷಿನಲ್ಲಿ, ಉಂಡಾಯಿತು, ಇನ್ನು ಹೊರಡಿ ಎಂದೆ. ಕಿಟಕಿಯಾಚೆ ಮರಳು ಬಿಟ್ಟರೆ ಏನಿಲ್ಲ. ಪೈರು ತುಳಿಯಬೇಡಿ ಎಂದೂ ಹೇಳಿದೆ.