ಲೈಟಕ್ಕ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಲೈಟಕ್ಕ. ಗಂಡ ಹಳೇ ಕಾರುಗಳ ಮೇಸ್ತ್ರಿ. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿದಾಗ ಪಕ್ಕದಲ್ಲಿ ಲೈಟು ಹಿಡಿದು ನಿಲ್ಲುವುದು ಅವಳ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಿಂದ ಕೂಗಿ ಕರೆದು ಲೈಟು ಕೈಗಿತ್ತವನು, ಆಮೇಲೆ ಬಿಡಲೇ ಇಲ್ಲ. "ಎಡಕ್ಕೆ, ಸ್ವಲ್ಪ ಎಡಕ್ಕೆ! ನನ್ನ ಕೈ ಮೇಲಲ್ಲ ಕಣೇ, ನಟ್ಟಿನ ಮೇಲೆ ಹಿಡಿ" ಎಂದು ಅವನು ರೇಗುವುದು ಆಚೆ ಬೀದಿಗೂ ಕೇಳಿಸುತ್ತಿತ್ತು. ರೇಗಿಸಿಕೊಳ್ಳುತ್ತಲೇ ಅವಳು ಒಳಗಿನದನ್ನೆಲ್ಲ ನೋಡಿ ನೋಡಿ ಕಲಿತುಬಿಟ್ಟಳು. ಅದನ್ನು ಯಾರೂ ಗಮನಿಸಲಿಲ್ಲ, ಗಂಡನೂ ಸೇರಿದಂತೆ.

ಆಮೇಲೆ ಮೇಸ್ತ್ರಿಯ ಕಣ್ಣು ಮಬ್ಬಾಗತೊಡಗಿತು. ಮೊದಲು ಪಕ್ಕದಲ್ಲಿದ್ದದ್ದು ಕಾಣಲಿಲ್ಲ, ಬರಬರುತ್ತ ಎದುರಿಗಿದ್ದದ್ದೂ ಕಾಣದಾಯಿತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಕಣ್ಣಿನ ಡಾಕ್ಟರು ಕೈಚೆಲ್ಲಿದರು. ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ಮನೆಯ ಹೊಸ್ತಿಲು ದಾಟಿಸಲಿಲ್ಲ. ಕಣ್ಣು ಕಾಣದ ಮೇಸ್ತ್ರಿಗೆ ಕಾರು ಒಪ್ಪಿಸುವವರು ಯಾರು? ಹೆಂಗಸಿನ ಕೈಗೆ ಒಪ್ಪಿಸುವುದಂತೂ ದೂರದ ಮಾತು. ಹಾಗಾಗಿ ಗ್ಯಾರೇಜಿನಲ್ಲಿ ಒಂದು ನಾಟಕ ಶುರುವಾಯಿತು. ಯಾರೂ ಇಲ್ಲದಾಗ ಸ್ಪ್ಯಾನರು ಅವಳ ಕೈಯಲ್ಲಿ. ಅವನು ಸ್ಟೂಲಿನ ಮೇಲೆ ಕೂತು ಕಿವಿಯಿಂದ, ಬೆರಳಿನಿಂದ ರೋಗ ಪತ್ತೆಹಚ್ಚುತ್ತಿದ್ದ. ಗಿರಾಕಿಯ ಕಾಲಸಪ್ಪಳ ಕೇಳಿತೋ, ಸ್ಪ್ಯಾನರು ಅವನ ಕೈಗೆ, ಲೈಟು ಅವಳ ಕೈಗೆ. ಹೊರಗಿನವರ ಮುಂದೆ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಈ ಸಲ ಬಂದದ್ದು ವಕೀಲರ ಕಾರು. ಹಸಿರು ಬಣ್ಣದ, ಎರಡೇ ಸೀಟಿನ, ಉದ್ದ ಮೂತಿಯ ಹಳೇ ಸ್ಪೋರ್ಟ್ಸ್ ಕಾರು. ಅಂಥ ಎಂಜಿನ್ ಈಗ ಹುಡುಕಿದರೂ ಸಿಗುವುದಿಲ್ಲ, ಬಿಡಿಭಾಗವೂ ಇಲ್ಲ. ಊರಿನ ಹಳೇ ಕಾರಿನವರೆಲ್ಲ ಮೇಸ್ತ್ರಿಯ ಬಾಗಿಲಿಗೆ ಬರುತ್ತಿದ್ದದ್ದು ವಕೀಲರ ಒಂದು ಮಾತಿನ ಮೇಲೆ. ಆ ಮಾತು ತಿರುಗಿದರೆ ಗ್ಯಾರೇಜಿಗೆ ಬೀಗವೇ.

ಕಾರಿನ ಎರಡು ಹೋಸ್ ಪೈಪು ಬಿರುಕುಬಿಟ್ಟು ಎಣ್ಣೆ ಒಸರುತ್ತಿತ್ತು. ಒಂದು ಪೈಪು ಎಂಜಿನ್ನಿನಿಂದ ಎಣ್ಣೆಯನ್ನು ಫಿಲ್ಟರಿಗೆ ಒಯ್ಯುತ್ತದೆ, ಇನ್ನೊಂದು ಶುದ್ಧವಾದದ್ದನ್ನು ವಾಪಸು ತರುತ್ತದೆ. ನೋಡಲು ಎರಡೂ ಒಂದೇ ತರ. ಫಿಲ್ಟರಿನ ತುದಿಯಲ್ಲಿ ಅದಲುಬದಲಾದರೆ ಕೆಟ್ಟಿತು. ಫಿಲ್ಟರಿನೊಳಗೆ ಎಣ್ಣೆ ಹಿಮ್ಮುಖವಾಗಿ ಹರಿಯದಂತೆ ಒಂದು ರಬ್ಬರ್ ಮುಚ್ಚಳವಿರುತ್ತದೆ, ಎಣ್ಣೆ ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಎಂಜಿನ್ನಿಗೆ ಒಂದು ತೊಟ್ಟೂ ತಲುಪುವುದಿಲ್ಲ. ಹಾಗೆ ಓಡಿಸಿದರೆ ನಿಮಿಷದಲ್ಲಿ ಎಂಜಿನ್ ಸುಟ್ಟು ಕೂರುತ್ತದೆ.

ಅದಕ್ಕೇ ಅವರದೊಂದು ಗುರುತಿತ್ತು. ಹೋಗುವ ಪೈಪಿಗೆ ದಾರದ ಒಂದು ಗಂಟು, ಬರುವ ಪೈಪಿಗೆ ಎರಡು. ಅವಳ ಕಣ್ಣಿಗಲ್ಲ, ಅವನ ಬೆರಳಿಗೆ ಅಂತ. ಆದರೆ ಅಳತೆಗೆಂದು ಹಳೇ ಪೈಪುಗಳನ್ನು ಒಯ್ದಾಗ ಹೋಸ್ ಅಂಗಡಿಯವನು ಆ ದಾರಗಳನ್ನು ಕಿತ್ತು ಬಿಸಾಡಿದ್ದ. ಹೊಸ ಪೈಪು ತಂದವಳು ಅವನ್ನು ಬೆಂಚಿನ ಮೇಲಿಟ್ಟು, ಊಟ ಮಾಡಿ ಬಂದು ಗಂಟು ಕಟ್ಟಿದರಾಯಿತು ಎಂದುಕೊಂಡು ಒಳಗೆ ಅನ್ನಕ್ಕಿಟ್ಟಳು.

ಅಷ್ಟರಲ್ಲಿ ವಕೀಲರು ಹೊರಟಿದ್ದಾರೆಂದು ಫೋನು ಬಂತು. ಅವಳು ಓಡಿ ಬಂದು ನೋಡಿದರೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದ.

"ಹಾಕ್ಬಿಟ್ಟೆ ಕಣೇ. ಎರಡನ್ನೂ ನಾನೇ ಹಾಕ್ಬಿಟ್ಟೆ."

ಅವನ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿ ಎಷ್ಟೋ ಕಾಲವಾಗಿತ್ತು. ಯಾವ ಪೈಪು ಯಾವ ಬಾಯಿಗೆ ಹೋಯಿತು ಎಂದು ಕೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಕೇಳಿದರೆ ಈ ಮುಖ ಬಾಡಿಹೋಗುತ್ತದಲ್ಲ ಎಂದು ನುಂಗಿಕೊಂಡಳು. ನಟ್ಟು ಬಿಗಿಯಾಗಿದೆಯೇ ಎಂದಷ್ಟೇ ಮುಟ್ಟಿ ನೋಡಿ, ಎಣ್ಣೆ ತುಂಬಿಸಿದಳು. ಪಾಪದವಳು, ಪ್ರೀತಿಯಿಂದಲೇ ಎಡವಿದಳು.

ವಕೀಲರು ಬಂದವರೇ ಕೋಟು ಬಿಚ್ಚಿ ಬಾಗಿಲಿನ ಮೊಳೆಗೆ ನೇತುಹಾಕಿದರು. "ನಡೀರಿ ಮೇಸ್ತ್ರಿ, ಸ್ಟಾರ್ಟ್ ಮಾಡಿ. ಇವತ್ತು ನಾನಿಲ್ಲೇ ನಿಂತು ನೋಡ್ತೀನಿ."

ಹೋಸು ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿಟ್ಟು ಎಂಜಿನ್ನನ್ನು ಬರಿದೇ ತಿರುಗಿಸಿ, ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಏಳುವುದನ್ನು ಕಂಡ ಮೇಲೆಯೇ ಪ್ಲಗ್ಗು ಹಾಕುವುದು ಗಂಡ ಹೆಂಡತಿಯ ಪದ್ಧತಿ. ಪ್ಲಗ್ಗುಗಳನ್ನು ಆಗಲೇ ಬಿಚ್ಚಿಟ್ಟಾಗಿತ್ತು, ಆದರೆ ಮುಳ್ಳು ನೋಡುವವಳು ಲೈಟಕ್ಕ. ಈಗ ಸ್ಟಿಯರಿಂಗಿನ ಮುಂದೆ ಮೇಸ್ತ್ರಿ ಕೂತಿದ್ದ, ಅವಳು ನಾಟಕದ ಪ್ರಕಾರ ಬಾನೆಟ್ಟಿನ ಬಳಿ ಲೈಟು ಹಿಡಿದು ನಿಂತಿದ್ದಳು, ವಕೀಲರು ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಪೈಪುಗಳನ್ನೇ ದಿಟ್ಟಿಸುತ್ತಿದ್ದರು. ಮುಳ್ಳಿನ ಮುಂದೆ ಇದ್ದದ್ದು ಕಾಣದ ಎರಡು ಕಣ್ಣು ಮಾತ್ರ.

ಮೇಸ್ತ್ರಿ ಬಟನ್ ಒತ್ತಿದ. ಎಂಜಿನ್ ಗರಗರ ತಿರುಗಿತು. ಹಗುರವಾಗಿದ್ದ ಸದ್ದು ಕೊಂಚ ಹೊತ್ತಿಗೆ ಭಾರವಾಯಿತು. ಎಣ್ಣೆಯ ಒತ್ತಡ ಕೂಡಿದಾಗ ಸದ್ದು ಹೀಗೇ ಭಾರವಾಗುತ್ತದೆಂದು ಅವನ ಕಿವಿಗೆ ಗೊತ್ತು.

"ಬಂತು!" ಎಂದ, ಗೆದ್ದವನ ದನಿಯಲ್ಲಿ.

"ಶಹಬ್ಬಾಸ್! ಪ್ಲಗ್ಗು ಹಾಕಿ ಮತ್ತೆ" ಎಂದರು ವಕೀಲರು.

ಅವಳು ಪ್ಲಗ್ಗುಗಳನ್ನು ಬರಿಗೈಯಲ್ಲೇ ತಿರುಗಿಸಿ ಕೂರಿಸಿದಳು, ಅಷ್ಟು ಮಾತ್ರ ಗಿರಾಕಿಯ ಮುಂದೆಯೂ ಅವಳ ಕೆಲಸವಾಗಿತ್ತು. ಗಂಡನ ಕಿವಿ ಸುಳ್ಳು ಹೇಳಿದ್ದಿಲ್ಲ, ನಿಜ. ಆದರೆ ಎಣ್ಣೆ ಮುಂದಕ್ಕೆ ಹೋದರೂ ಸದ್ದು ಭಾರವಾಗುತ್ತದೆ, ಹೋಗಲು ದಾರಿಯಿಲ್ಲದೆ ಸಿಕ್ಕಿಕೊಂಡರೂ ಭಾರವಾಗುತ್ತದೆ ಎಂದು ಅವಳಿಗೆ ಆಗ ಹೊಳೆಯಿತು.

"ಒರೆಸೋ ಬಟ್ಟೆ ಅಲ್ಲೇ ಇರ್ಬೇಕು" ಎಂದು ನೆಪ ತೆಗೆದು ಕಾರಿನ ಬಾಗಿಲ ಬಳಿಗೆ ಬಂದಳು. "ರೀ, ಇನ್ನೊಂದು ಸಲ ಬರೀ ಸ್ಟಾರ್ಟರ್ ತಿರುಗಿಸಿ. ಕೀ ಹಾಕ್ಬೇಡಿ."

ಅವನು ಗೊಣಗುತ್ತ ಬಟನ್ ಒತ್ತಿದ. ಎಂಜಿನ್ ತಿರುಗಿತು. ಮುಳ್ಳು ಸೊನ್ನೆಯ ಮೇಲೆ ಹಾಗೇ ಬಿದ್ದಿತ್ತು.

"ಏನಮ್ಮಾ, ಯಾಕೆ ತಡ?" ವಕೀಲರು ಕೂಗಿದರು.

"ಒಂದು ನಟ್ಟು ಸಡಿಲ ಇದ್ದ ಹಾಗಿದೆ ಸಾರ್. ಬಿಚ್ಚಿ ಹಾಕ್ಬಿಡ್ತೀವಿ."

ವಕೀಲರು ಬಗ್ಗಿ ಎಲ್ಲ ನಟ್ಟುಗಳ ಮೇಲೂ ಬೆರಳಾಡಿಸಿದರು. ಆಯುಷ್ಯವಿಡೀ ಸಾಕ್ಷಿಗಳ ಬಾಯಿ ಬಿಡಿಸಿದ ಮನುಷ್ಯ, ಸುಮ್ಮನೆ ಒಪ್ಪುತ್ತಾರೆಯೇ? "ಯಾವುದು? ಎಲ್ಲ ಒಣಗಿಯೇ ಇದೆಯಲ್ಲ. ಪ್ರೆಷರ್ ಬಂತು ಅಂತ ಮೇಸ್ತ್ರಿ ಹೇಳಿದ್ದಾಯ್ತಲ್ಲ."

"ಬಂದಿದೆ ಸಾರ್" ಎಂದ ಮೇಸ್ತ್ರಿ. ಅವನ ದನಿ ಗಡುಸಾಗಿತ್ತು. ಗಿರಾಕಿಯ ಮುಂದೆ ಅವಳು ಅವನ ಮಾತಿಗೆ ಅಡ್ಡ ಬಂದದ್ದು ಇದೇ ಮೊದಲು. "ನಾನೇ ಕಣ್ಣಾರೆ ನೋಡಿದೀನಿ. ಇವಳ ಮಾತು ಕಟ್ಕೊಂಡು ಏನು? ಲೈಟು ಹಿಡಿಯೋಳು."

ಆ ಮಾತು ಅವಳಿಗೆ ಚುರುಕ್ಕೆಂದಿತು. ಆದರೆ ನೊಂದುಕೊಳ್ಳಲು ಪುರುಸೊತ್ತಿರಲಿಲ್ಲ. ಅವನು ತಡವರಿಸಿ ಕೀ ಸಿಕ್ಕಿಸುತ್ತಿದ್ದ. ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ, ಬಿಡದಿದ್ದರೆ ನಂಬಿ ಬಿಟ್ಟವರ ಕಾರು ಹೋಗುತ್ತದೆ. ಕೀ ತಿರುಗಿತು. ಹೆಬ್ಬೆರಳು ಬಟನ್ನಿನತ್ತ ಹೋಯಿತು.

ಅವಳು ಕಿಟಕಿಯೊಳಗೆ ನುಗ್ಗಿ ಆ ಕೈಯನ್ನು ಒತ್ತಿ ಹಿಡಿದಳು. "ಬೇಡ ರೀ! ಮುಳ್ಳು ಬಿದ್ದೇ ಇದೆ. ಎದ್ದೇ ಇಲ್ಲ."

ಹಿಡಿತದೊಳಗೆ ಗಂಡನ ಕೈ ತಣ್ಣಗಾಗುವುದು ಅವಳಿಗೆ ತಿಳಿಯಿತು. ವಕೀಲರು ಬಂದು ಮೀಟರು ನೋಡಿದರು. ಮೇಸ್ತ್ರಿಯ ಮುಖ ನೋಡಿದರು. ಮತ್ತೆ ಮೀಟರು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿಬಿಟ್ಟ.

"ನನಗೆ ಕಣ್ಣು ಕಾಣ್ಸಲ್ಲ ಸಾರ್."

"ಯಾವಾಗಿಂದ?"

"ನಿಮ್ಮ ಬ್ರೇಕ್ ಕೆಲಸಕ್ಕೆ ಮುಂಚಿಂದಾನೂ."

ವಕೀಲರ ಮುಖಕ್ಕೆ ರಕ್ತ ನುಗ್ಗಿತು. "ಆ ಬ್ರೇಕ್ ನಂಬ್ಕೊಂಡು ನಾನು ಮೊಮ್ಮಗಳನ್ನ ಕೂರಿಸ್ಕೊಂಡು ಘಾಟಿ ಇಳಿದಿದೀನಿ! ಅದನ್ನ ಮಾಡಿದ್ದು ಯಾರು ಹಾಗಾದ್ರೆ?"

"ಇವಳು. ಎಲ್ಲ ಇವಳೇ. ಇವತ್ತು ಈ ಪೈಪು ಹಾಕಿದ್ದು ಮಾತ್ರ ನಾನು" ಎಂದು ಮೇಸ್ತ್ರಿ ತಲೆ ತಗ್ಗಿಸಿದ.

"ಇಷ್ಟು ದಿನ ನನಗೆ ಮಂಕುಬೂದಿ ಎರಚಿದ್ರಿ ಅನ್ನಿ! ಇಬ್ಬರೂ ಸೇರ್ಕೊಂಡು!" ವಕೀಲರು ಮೊಳೆಯಿಂದ ಕೋಟು ಎಳೆದುಕೊಂಡರು. "ಇನ್ನು ಯಾರು ಕೇಳಿದ್ರೂ ಇರೋದನ್ನೇ ಹೇಳ್ತೀನಿ ನಾನು."

ಲೈಟಕ್ಕನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಲೈಟನ್ನು ಕೊಕ್ಕೆಗೆ ಸಿಕ್ಕಿಸಿ, ಗಿರಾಕಿಯ ಎದುರಿಗೇ ಸ್ಪ್ಯಾನರು ಎತ್ತಿಕೊಂಡಳು. "ಹೇಳಿ ಸಾರ್. ಬೈಯೋದಿದ್ರೂ ಬೈಯಿರಿ, ತಪ್ಪು ನಮ್ಮದೇ. ಆದ್ರೆ ನಿಮ್ಮ ಕಾರು ಹೀಗೇ ಬಿಟ್ಟು ಕಳಿಸಲ್ಲ. ಅಲ್ಲಿ ನಿಂತ್ಕೊಳ್ಳಿ, ಮುಳ್ಳು ನೀವೇ ನೋಡಿ."

ಅವಳು ಎರಡೂ ಪೈಪು ಬಿಚ್ಚಿದಳು, ಎಣ್ಣೆ ಮೊಣಕೈವರೆಗೆ ಇಳಿಯಿತು. ಅದಲುಬದಲು ಮಾಡಿ ಬಿಗಿದಳು. ಸ್ಪ್ಯಾನರು ಒಮ್ಮೆಯೂ ಜಾರಲಿಲ್ಲ. ಮತ್ತೆ ಪ್ಲಗ್ಗು ಬಿಚ್ಚಿ, "ಒತ್ತಿ ರೀ" ಎಂದಳು.

ಎಂಜಿನ್ ತಿರುಗಿತು. ತಿರುಗುತ್ತಲೇ ಇತ್ತು. ಕೋಟು ತೋಳಿನ ಮೇಲೆ ಹಾಕಿಕೊಂಡೇ ವಕೀಲರು ಬಾಗಿಲೊಳಗೆ ಬಗ್ಗಿದ್ದರು. ಮೇಸ್ತ್ರಿ ಈಗ ತನ್ನ ಕಿವಿಯನ್ನೂ ನಂಬುವಂತಿರಲಿಲ್ಲ.

"ಅಲ್ಲಾಡ್ತು" ಎಂದರು ವಕೀಲರು ಮೆಲ್ಲಗೆ. ಆಮೇಲೆ, "ಏಳ್ತಾ ಇದೆ. ಎದ್ದಿತು ಕಣಮ್ಮಾ, ಎದ್ದಿತು!"

ಪ್ಲಗ್ಗು ಹಾಕಿ ಸ್ಟಾರ್ಟು ಮಾಡಿದಾಗ ಹಳೇ ಎಂಜಿನ್ ಒಮ್ಮೆ ಕೆಮ್ಮಿ ಗುಡುಗಿತು. ಅದು ಬಿಸಿಯೇರಿದ ಮೇಲೆ ಒಂದು ನಟ್ಟಿನ ಬುಡದಲ್ಲಿ ಎಣ್ಣೆಯ ಸಣ್ಣ ಹನಿ ಮೂಡಿತು. ಇಂಥದ್ದನ್ನು ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕು. ವಕೀಲರೂ ಅದನ್ನು ಕಂಡರು. ಎಂಜಿನ್ ಆರಿಸಿ ಕೀ ತೆಗೆದುಕೊಂಡರು.

ಕಾರು ಬಿಟ್ಟು ಹೋಗುವಾಗ ಕೀಯನ್ನು ಮೇಸ್ತ್ರಿಯ ಅಂಗೈಗಿಟ್ಟು ಭುಜ ತಟ್ಟುವುದು ಅವರ ರೂಢಿ. ಕೆಳಗಿಳಿದಿದ್ದ ಮೇಸ್ತ್ರಿ, ಕೀಗೊಂಚಲಿನ ಸದ್ದು ಕೇಳಿ ಅಭ್ಯಾಸಬಲದಿಂದ ಕೈ ಮುಂದೆ ಚಾಚಿದ.

ಸದ್ದು ಅವನ ಕೈಯನ್ನು ದಾಟಿ ಹೋಯಿತು.

"ತಗೋಮ್ಮಾ. ಬಿಗಿ ಮಾಡಿಡು, ನಾಳೆ ಬರ್ತೀನಿ" ಎಂದು ವಕೀಲರು ಕೀಯನ್ನು ಲೈಟಕ್ಕನ ಎಣ್ಣೆಗೈಗೆ ಇಟ್ಟರು. "ಇರೋದನ್ನೇ ಹೇಳ್ತೀನಿ ಅಂದೆನಲ್ಲ, ಹಾಗೇ ಹೇಳ್ತೀನಿ. ಬ್ರೇಕ್ ಮಾಡಿದ್ದು ಯಾರು ಅಂತಾನೂ ಹೇಳ್ತೀನಿ." ಬಾಗಿಲಲ್ಲಿ ತಿರುಗಿ ಮೇಸ್ತ್ರಿಯತ್ತ ಒಮ್ಮೆ ನೋಡಿ ಹೊರಟರು.

ಲೈಟಕ್ಕನಿಗೆ ಎಷ್ಟೋ ಕಾಲದಿಂದ ಬೇಕೆನಿಸಿದ್ದು ಅಂಗೈಯಲ್ಲಿತ್ತು. ಸಂತೋಷವಾಯಿತು, ಸುಳ್ಳೇಕೆ? ಆದರೆ ಗಂಡನ ಬರಿಗೈ ಇನ್ನೂ ಗಾಳಿಯಲ್ಲೇ ಚಾಚಿಕೊಂಡಿತ್ತು, ಅದನ್ನು ನೋಡಿ ಅವಳ ಕರುಳು ಹಿಂಡಿತು. ಕೀಯನ್ನು ಅವನಿಗೇ ಕೊಟ್ಟುಬಿಡಲೇ ಎಂದು ಒಂದು ಹೆಜ್ಜೆ ಇಟ್ಟಳು.

ಅವನು ಕೈ ಹಿಂದೆಗೆಯಲಿಲ್ಲ.

"ಆ ಲೈಟು ಇತ್ಲಾಗೆ ಕೊಡೇ."

"ಯಾಕ್ರೀ?"

"ಯಾಕೆ ಅಂದ್ರೆ? ನಟ್ಟು ಬಿಗಿಯೋವಾಗ ನಿನಗೆ ಕಾಣ್ಬೇಡ್ವಾ?"

ಅವಳು ಕೊಕ್ಕೆಯಿಂದ ಲೈಟು ಬಿಡಿಸಿ ಆ ಅಂಗೈಯಲ್ಲಿಟ್ಟಳು. ಅವನು ಬಾನೆಟ್ಟಿನ ಅಂಚು ತಡವಿಕೊಂಡು ಬಂದು, ಅವಳ ಮಗ್ಗುಲಲ್ಲಿ ನಿಂತು ಲೈಟನ್ನು ಎತ್ತಿ ಹಿಡಿದ. ಬೆಳಕು ನೇರ ಅವಳ ಕೈ ಮೇಲೆ ಬಿತ್ತು.

"ಸ್ವಲ್ಪ ಎಡಕ್ಕೆ ರೀ" ಎಂದಳು ಲೈಟಕ್ಕ.

ಅವನು ಎಡಕ್ಕೆ ಹಿಡಿದ.